ಎಡಗಿವಿಯ ವೈರು

ತೂತು ಇರಲಿಲ್ಲ. ಮರಿಸಿದ್ದಯ್ಯ ಹೊಸ ಫೋನಿನ ನಾಲ್ಕೂ ಅಂಚನ್ನು ಹೆಬ್ಬೆರಳಿನಿಂದ ಮತ್ತೊಂದು ಸುತ್ತು ಸವರಿದ. ಕೆಳಗಡೆ ಚಾರ್ಜರಿನ ಚಪ್ಪಟೆ ಬಾಯಿ, ಅದರ ಪಕ್ಕ ಸಾಸಿವೆಯಷ್ಟು ಸಣ್ಣ ರಂಧ್ರಗಳ ಸಾಲು, ಬಲಮಗ್ಗುಲಲ್ಲಿ ಎರಡು ಗುಂಡಿ. ಮೇಲೆ ನುಣ್ಣಗೆ. ಎಡಕ್ಕೂ ನುಣ್ಣಗೆ. ನಿನ್ನೆ ಸಂಜೆಯಿಂದ ಇದು ಎಷ್ಟನೆಯ ಸಲವೋ, ಹುಡುಕುತ್ತಾ ಹೋದರೆ ಕರುಣೆಯಿಂದ ಒಂದು ತೂತು ಬಿದ್ದೀತು ಅನ್ನುವ ಹಾಗೆ ಹುಡುಕುತ್ತಿದ್ದೇನಲ್ಲ ಎಂದು ತನ್ನ ಮೇಲೇ ರೇಗಿತು. ಕಣ್ಣಿದ್ದವರಿಗೆ ಅದು ಇಯರ್‌ಫೋನಿನ ಪಿನ್ನು ಸಿಕ್ಕಿಸಿ ಹಾಡು ಕೇಳುವ ತೂತು. ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಕಣ್ಣಿಲ್ಲದ ಅವನ ಮೇಷ್ಟ್ರಿಕೆಯೆಲ್ಲ ಆ ತೂತಿನೊಳಗೇ ಇತ್ತು. ಇವತ್ತು ಭಾನುವಾರ. ಹನ್ನೊಂದು ಗಂಟೆಗೆ ಸ್ಕೂಲಿನಲ್ಲಿ ಗುರುವಂದನೆ. ಹತ್ತು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿ ಮುಗಿಸಿದ ನಲವತ್ತೊಂದು ಮಕ್ಕಳು ಸೇರಿ ಮೇಷ್ಟ್ರುಗಳಿಗೆ ಶಾಲು ಹೊದಿಸುತ್ತಾರೆ, ಪೇಟ ತೊಡಿಸುತ್ತಾರೆ, ಆಮೇಲೆ ಅವನನ್ನು ಮೈಕಿನ ಮುಂದೆ ನಿಲ್ಲಿಸಿ ಹಾಜರಿ ಕೂಗಿಸುತ್ತಾರೆ. ಪುಸ್ತಕವಿಲ್ಲದೆ, ನಂಬರಿನ ಸಮೇತ, ಬರೀ ಜ್ಞಾಪಕದ ಮೇಲೆ. ಸುತ್ತ ಹತ್ತು ಹಳ್ಳಿಯಲ್ಲಿ ಮರಿಸಿದ್ದಯ್ಯ ಮೇಷ್ಟ್ರು ಹೆಸರುವಾಸಿಯಾಗಿದ್ದದ್ದು ಅದಕ್ಕೇ, ಮತ್ತು ಅದು ಸುಳ್ಳು.

'ಇನ್ನೂ ಸವರ್ತಾನೇ ಕೂತಿದ್ದೀರಾ?' ಅಡುಗೆಮನೆಯಿಂದ ಹೆಂಡತಿ ನಾಗಮಣಿಯ ದನಿ ಬಂತು, ಅದರ ಹಿಂದೆ ಕಾಯಿ ತುರಿಯುವ ಸದ್ದು. 'ಅದೇನ್ ಎಮ್ಮೆ ಏನ್ರೀ, ಸವರುದ್ರೆ ಆಲು ಇಳ್ಸಕ್ಕೆ? ಕಿವಿಗೆ ಆ ಗುಂಡು ಸಿಗಾಕ್ಕಳಿ, ಇನ್ನೊಂದ್ಸಲ ಸುರು ಮಾಡಿ. ನಲವತ್ತೊಂದು ಮಕ್ಳೂ ನಾನೇ ಆಯ್ತೀನಿ.'

ಗುಂಡು ಎಂದರೆ ಅಂಗಡಿಯವರು ಫೋನಿನ ಜೊತೆ ಕೊಟ್ಟ ವೈರಿಲ್ಲದ ಇಯರ್‌ಫೋನು, ಹುಣಸೆ ಬೀಜಕ್ಕಿಂತ ಕೊಂಚ ದಪ್ಪ. ಅದನ್ನು ಎಡಗಿವಿಗೆ ತುರುಕಿಕೊಂಡು ಪರದೆಯ ಮೇಲೆ ಬೆರಳು ಎಳೆದ. ಹಳೆಯ ಫೋನಿನಲ್ಲಿ ಬೆರಳು ಸರಿಯುವುದಕ್ಕೂ ಕಿವಿಯಲ್ಲಿ ಹೆಸರು ಹುಟ್ಟುವುದಕ್ಕೂ ನಡುವೆ ಸಂದೇ ಇರಲಿಲ್ಲ, ಬೆರಳೇ ಓದುತ್ತಿತ್ತು. ಈ ಗುಂಡಿನಲ್ಲಿ ಬೆರಳು ಹೋಗಿ ನಿಂತು, ಅರೆ ಉಸಿರು ಕಾದು, ಆಮೇಲೆ ಹೆಸರು ಬರುತ್ತದೆ. ಹಾಡು ಕೇಳುವವರಿಗೆ ಆ ಅರೆ ಉಸಿರು ತಿಳಿಯುವುದೂ ಇಲ್ಲ. ಹಾಜರಿ ಕೂಗುವವನಿಗೆ ಅದೇ ಕಂಟಕ. 'ಒಂದು, ಕೆಂಪರಾಜು,' ಎಂದ. 'ಎಸ್ ಸಾರ್,' ಎಂದಳು ನಾಗಮಣಿ ಗಂಡುದನಿ ಮಾಡಿ. ಹತ್ತರವರೆಗೆ ಹೇಗೋ ನಡೆಯಿತು. ಆಮೇಲೆ ಅಭ್ಯಾಸಬಲದಿಂದ ಬೆರಳು ಮುಂದೆ ಓಡಿತು, ಹೆಸರು ಹಿಂದೆ ಉಳಿಯಿತು, ನಂಬರು ಎಲ್ಲೋ ನಡುವೆ ಸಿಕ್ಕಿಕೊಂಡಿತು. 'ಇಪ್ಪತ್ತು, ಸ್ವಾಮಿ,' ಎಂದುಬಿಟ್ಟ.

'ಸ್ವಾಮಿ ಇಪ್ಪತ್ತೊಂದು ಕಣ್ರೀ. ಇಪ್ಪತ್ತೆರಡು ಏಮಂತ. ನಿನ್ನೆಯಿಂದ ಕೇಳಿ ಕೇಳಿ ನಂಗೇ ಬಾಯ್ಪಾಠ ಆಗೋಯ್ತು, ನಿಮ್ಗೆ ಆಗ್ನಿಲ್ವಲ್ಲ!'

ಚುಚ್ಚಿತು. ಆಗಿದೆಯೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ಫೋನಿಲ್ಲದೆ ಕೂಗಿ ನೋಡುವ ಧೈರ್ಯ ಮಾಡಿರಲಿಲ್ಲ. ನಾಗಮಣಿ ತುರಿಯುವುದನ್ನು ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತಳು. ಹಸಿ ತೆಂಗಿನಕಾಯಿಯ ವಾಸನೆ ಅವಳ ಜೊತೆ ಬಂತು.

'ಯೋಳ್ಬುಡಿ ಅತ್ಲಾಗಿ. ಫೋನ್ ಓದ್ತದೆ, ನಾನು ಕೂಗ್ತೀನಿ ಅಂತ. ಯಾರ್ ನಿಮ್ಮನ್ನ ನೇಣಿಗಾಕ್ತಾರೆ?'

'ಅಷ್ಟು ಸುಲಭ ಅಲ್ಲ ಕಣಮ್ಮಿ.'

'ಕುರುಡ ಅಂತ ಯೋಳಕ್ಕೆ ಯಾವತ್ತೂ ನಾಚ್ಕಂಡೋರಲ್ಲ ನೀವು. ಇಲ್ದಿರೋ ಕಿವುಡ್ನ ತಲೆ ಮ್ಯಾಲೆ ಒತ್ಕಂಡು ತಿರುಗ್ತಾ ಇದ್ದೀರಲ್ಲ, ಅದ್ಯಾಕೆ ಅಂತೀನಿ.' ಅವಳು ಎದ್ದು ಹೋಗಿ ಒಗ್ಗರಣೆಗೆ ಎಣ್ಣೆ ಇಟ್ಟಳು.

ಆ ಕಿವುಡಿನದ್ದೊಂದು ಕತೆ. ಹನ್ನೆರಡು ವರ್ಷದ ಹಿಂದೆ ಹಲಗೂರಿನಿಂದ ಒಳಗಿರುವ ಆ ಹೈಸ್ಕೂಲಿಗೆ ಸಮಾಜ ಪಾಠದ ಮೇಷ್ಟ್ರಾಗಿ ಸೇರಿದ ದಿನ ಅವನು ಮಾಡಿದ್ದು ಮೋಸವೇನಲ್ಲ. ಮಕ್ಕಳ ಹೆಸರನ್ನೆಲ್ಲ ಫೋನಿಗೆ ಬರೆಸಿಕೊಂಡಿದ್ದ. ಜೇಬಿನೊಳಗೆ ಬೆರಳಾಡಿಸಿದರೆ, ಶರ್ಟಿನೊಳಗೆ ಹಾದ ವೈರು ಎಡಗಿವಿಗೆ ಒಂದೊಂದೇ ಹೆಸರು ಹೇಳುತ್ತಿತ್ತು. ಅವನು ಅದನ್ನೇ ಕೂಗಿದ. ಮಕ್ಕಳು ಚಪ್ಪಾಳೆ ಹೊಡೆದರು. ಯಾಕೆ ಹೊಡೆದರು ಎಂದು ತಿಳಿಯುವ ಹೊತ್ತಿಗೆ ಹೆಡ್‌ಮಾಸ್ಟರು ಅಪ್ಪಾಜಿಯವರು ಬಾಗಿಲಿನಿಂದ ಒಳಬಂದು 'ಏನ್ ಗ್ಯಾಪಕ ರೀ ನಿಮ್ದು!' ಎಂದು ಬೆನ್ನು ತಟ್ಟಿದ್ದರು. ಆ ಕೈಯ ಬಿಸಿ ಹಿತವಾಯಿತು, ತಪ್ಪಾದದ್ದು ಅಲ್ಲೇ. ಹುಟ್ಟಿದಂದಿನಿಂದ 'ಪಾಪ' ಎಂದು ತಲೆ ಸವರಿಸಿಕೊಂಡವನಿಗೆ ಮೊದಲ ಸಲ ಒಬ್ಬರು ಬೆರಗಾಗಿ ಬೆನ್ನು ತಟ್ಟಿದ್ದರು. ವಾರ ಕಳೆಯುವಷ್ಟರಲ್ಲಿ ಪಟ್ಟಲಮ್ಮ ಎಂಬ ಊರಿನ ಮುದುಕಿ ಮೊಮ್ಮಗಳನ್ನು ಎಳೆದುಕೊಂಡು ಬಂದು, 'ಇದ್ರ ತಲೆ ಮ್ಯಾಲೆ ಒಸಿ ಕೈ ಮಡುಗಿ ಸಾಮಿ, ಮಗ್ಗಿ ನಿಲ್ಲಲ್ಲ ಅಂತದೆ' ಎಂದಳು. ಇಟ್ಟ. ಕೈಯ ಕೆಳಗೆ ಎಣ್ಣೆ ಹಚ್ಚಿದ ಸಣ್ಣ ತಲೆಯೊಂದು ಬೆಚ್ಚಗೆ, ಅಲುಗಾಡದೆ, ನಂಬಿಕೊಂಡು ನಿಂತಿತ್ತು. ಆಗಲಾದರೂ ಹೇಳಬೇಕಿತ್ತು.

ಹೇಳಿದ್ದು ದೀಪಿಕ. ಇಪ್ಪತ್ತನಾಲ್ಕನೆಯ ನಂಬರು, ಮುಂದಿನ ಬೆಂಚು. ಒಂದು ಬೆಳಿಗ್ಗೆ ಹಾಜರಿಯ ನಡುವೆ ಎದ್ದು ನಿಂತು, ಇಡೀ ತರಗತಿಗೆ ಕೇಳುವ ಹಾಗೆ, 'ಸಾರ್, ನಿಮ್ ಕಿವೀಲಿ ವೈರೈತೆ. ಫೋನು ಯೋಳ್ಕೊಡ್ತಾ ಐತೆ' ಎಂದಳು. ಆಡಿಕೊಳ್ಳುವ ದನಿಯಲ್ಲ, ಕಂಡುಹಿಡಿದ ಖುಷಿ, ಅಷ್ಟೆ. 'ಅದು ಕಿವುಡರ ಮಿಷನ್ನು. ನನ್ನ ಎಡಗಿವಿ ಕೇಳೋದಿಲ್ಲ' ಎಂದ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. 'ಕುರುಡ ಅಂತ ಆಡಿಕೊಂಡಿದ್ದು ಸಾಲದೇನೇ ನಿನಗೆ?' ಎಂದ. ಅವಳು ಯಾವತ್ತೂ ಆಡಿಕೊಂಡವಳಲ್ಲ. ಮಾತು ಅಪ್ಪಾಜಿಯವರ ತನಕ ಹೋಯಿತು. ಮಾರನೆಯ ದಿನ ಪ್ರಾರ್ಥನೆಯ ಹೊತ್ತಿಗೆ ಆ ಹುಡುಗಿಯನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಆರುನೂರು ಕಣ್ಣಿನ ಮುಂದೆ, 'ತಪ್ಪಾಯ್ತು ಸಾರ್, ಇನ್ನೊಂದ್ಸಲ ಮಾಡಲ್ಲ' ಎಂದು ಹೇಳಿಸಿದರು. ಮರಿಸಿದ್ದಯ್ಯ ಅವಳಿಂದ ಮೂರು ಅಡಿ ದೂರದಲ್ಲಿ ನಿಂತಿದ್ದ. ಅವಳ ಬಿಕ್ಕು ಅವನಿಗೆ ಎರಡೂ ಕಿವಿಯಲ್ಲಿ ಚೆನ್ನಾಗಿ ಕೇಳಿಸಿತು. ಅವತ್ತಿನಿಂದ ಇಡೀ ಸ್ಕೂಲು ಅವನ ಬಲಗಡೆ ಬಂದು ಕೂಗಿ ಮಾತಾಡಲು ಕಲಿಯಿತು.

ಮಳವಳ್ಳಿಯಲ್ಲಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ. ಸರಳು ಆಗಲೇ ಬಿಸಿಯಾಗಿತ್ತು. ಗುರುವಾರ ಹಳೆಯ ಫೋನು ಬಚ್ಚಲಿನ ಬಕೆಟ್ಟಿಗೆ ಬೀಳದೆ ಹೋಗಿದ್ದರೆ ಈಗ ಇಲ್ಲಿ ಕೂತು ಆರಾಮವಾಗಿ ಹೆಸರುಗಳನ್ನು ಕೇಳಿಕೊಂಡು ಹೋಗುತ್ತಿದ್ದ. ನಿನ್ನೆ ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಮಂಡ್ಯದ ಅಂಗಡಿಗೆ ಹೋಗಿದ್ದ. 'ಸಾರ್, ಈಗಿನ ಫೋನ್‌ಗಳಲ್ಲಿ ಆ ತೂತು ತೆಗೆದ್ಬುಟ್ಟವ್ರೆ,' ಎಂದಳು ಅಂಗಡಿಯ ಹುಡುಗಿ. ಯಾಕೆ ಎಂದ. 'ಅದ್ನ ಯಾರೂ ಕೇಳಲ್ಲ ಸಾರ್.' ಯಾರೂ ಕೇಳಲ್ಲ! ಹಾಗಾದರೆ ಎದುರಿಗೆ ನಿಂತು ಕೇಳುತ್ತಿರುವ ನಾನು ಯಾರು ತಾಯಿ? ತೂತಿರುವುದು ಬೇಕಾದರೆ ಸೋಮವಾರ ತರಿಸಿಕೊಡುತ್ತಾರಂತೆ. ಚಾರ್ಜರಿನ ಬಾಯಿಗೆ ಸಿಕ್ಕಿಸಿ ವೈರು ಜೋಡಿಸುವ ಒಂದು ಮೋಟು ಕನೆಕ್ಟರನ್ನು ಕೊಟ್ಟು ನೋಡಿದಳು, ಈ ಫೋನು ಅದನ್ನು ಮೂಸಿಯೂ ನೋಡಲಿಲ್ಲ. ಸೋಮವಾರದ ತನಕ ಗುರುವಂದನೆ ಕಾಯುತ್ತದೆಯೇ? ಹೆಸರಿನ ಪಟ್ಟಿಯನ್ನು ಅವಳ ಕೈಯಲ್ಲೇ ಇದಕ್ಕೆ ಇಳಿಸಿಕೊಂಡು, ಈ ಫೋನನ್ನೇ ಹಿಡಿದು ವಾಪಸ್ಸು ಬಸ್ಸು ಹತ್ತಿದ್ದ. ಹೊಸ ಫೋನಿನ ಓದುವ ದನಿ ಇನ್ನೂ ಮಂದಗತಿಯಲ್ಲಿತ್ತು, ಗುಂಡನ್ನು ಹೇಗೆ ಜೋಡಿಸುವುದೆಂದು ಅವನಿಗೆ ಇನ್ನೂ ಗೊತ್ತಿರಲಿಲ್ಲ. ಮದ್ದೂರು ದಾಟುತ್ತಿದ್ದ ಹಾಗೆ ಜೇಬಿನೊಳಗಿಂದ ಒಂದು ಹೆಣ್ಣುದನಿ, ರೇಡಿಯೋದಲ್ಲಿ ವಾರ್ತೆ ಓದುವಷ್ಟು ಸ್ಪಷ್ಟವಾಗಿ, ಇಡೀ ಬಸ್ಸಿಗೆ ಹೇಳಿತು: 'ನಾಗಮಣಿಯಿಂದ ಸಂದೇಶ. ಹೊಟ್ಟೆ ಕಟ್ಟಿರುವುದಕ್ಕೆ ಮಾತ್ರೆ ತರುವುದು ಮರೆಯಬೇಡಿ.'

'ಯಾರ್ಗಪ್ಪೋ ಒಟ್ಟೆ ಕಟ್ಟಿರೋದು?' ಎಂದ ಕಂಡಕ್ಟರು. ಬಸ್ಸು ನಕ್ಕಿತು. ಹಿಂದಿನ ಸೀಟಿನ ಹೆಂಗಸೊಬ್ಬಳು 'ಬಾಳೆಅಣ್ ತಿನ್ನಿ ಅಣ್ಣೋ' ಎಂದಳು, ಪ್ರೀತಿಯಿಂದಲೇ. ಮನೆಗೆ ಬಂದವನೇ ಮೊದಲು ಮಾಡಿದ ಕೆಲಸವೆಂದರೆ ಆ ದನಿಯನ್ನು ತನ್ನ ಮಾಮೂಲಿ ವೇಗಕ್ಕೆ ಏರಿಸಿದ್ದು. ಹನ್ನೆರಡು ವರ್ಷದಿಂದ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಬಂದ ವೇಗ ಅದು. ಬೇರೆಯವರು ಒಂದು ಮಾತು ಆಡುವಷ್ಟರಲ್ಲಿ ಅದು ನಾಲ್ಕು ಆಡುತ್ತದೆ. ನಾಗಮಣಿಗೆ ಅದು ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತದಂತೆ. ಅವನಿಗೆ ಮಾತ್ರ ಅದು ನಿಧಾನವಾಗಿ, ಬಿಡಿಬಿಡಿಯಾಗಿ, ಅಕ್ಷರ ಅಕ್ಷರವಾಗಿ ತಿಳಿಯುತ್ತದೆ. ಅದರಲ್ಲಿ ವಿಶೇಷವೇನೂ ಇದೆಯೆಂದು ಅವನಿಗೆ ಯಾವತ್ತೂ ಅನಿಸಿರಲಿಲ್ಲ.

ಹಲಗೂರಿನ ಸ್ಟಾಪಿನಲ್ಲಿ ಇಳಿಯುತ್ತಲೇ ಬಲಗಿವಿಗೆ ಒಂದು ಕೂಗು ಬಡಿಯಿತು. 'ಸಾರ್! ನಾನು ಏಮಂತ! ಗಾಡಿ ತಂದಿವ್ನಿ!' ಹೇಮಂತ್, ಇಪ್ಪತ್ತೆರಡನೆಯ ನಂಬರು. ಸಮಾರಂಭದ ಓಡಾಟವೆಲ್ಲ ಅವನದೇ. ಗದ್ದೆಯ ಕಡೆಯಿಂದ ಬರುವ ತಣ್ಣನೆಯ ಗಾಳಿಯಲ್ಲಿ ಅವನ ಬೆನ್ನಿಗೆ ಅಂಟಿಕೊಂಡು ಕೂತು ಹೋಗುವಾಗ, ಹುಡುಗ ತಲೆ ತಿರುಗಿಸಿ ಕೂಗುತ್ತಲೇ ಇದ್ದ. 'ಮೂವತ್ತೆಂಟು ಜನ ಬಂದವ್ರೆ ಸಾರ್! ದೀಪಿಕನೂ ಬಂದವ್ಳೆ! ಮಂಡ್ಯ ತಾವ ವಿ.ಸಿ. ಫಾರಂ ವ್ಯವಸಾಯ ಕಾಲೇಜಲ್ಲಿ ಕೆಲ್ಸ ಅವ್ಳ್ಗೆ. ಇಷ್ಟೊರ್ಸದಲ್ಲಿ ಇಸ್ಕೂಲ್ ಕಡೀಕೆ ತಲೆನೂ ಆಕಿರ್ನಿಲ್ಲ. ಸಿದ್ದಯ್ಯ ಮೇಷ್ಟ್ರು ಆಜರಿ ಕೂಗ್ತಾರಾ ಅಂತ ಕೇಳುದ್ಲು. ಊ ಅಂದೆ. ಅಂಗಾರೆ ಬತ್ತೀನಿ ಅಂದ್ಲು!' ನೋಡಲು ಬಂದಿದ್ದಾಳೆ. ನ್ಯಾಯವಾಗಿ ಬಂದಿದ್ದಾಳೆ. ಗಾಡಿ ನಿಲ್ಲಿಸು, ವಾಂತಿ ಬರುತ್ತಿದೆ ಎಂದು ಹೇಳಿ ಇಳಿದು ತಿರುಗಿ ಹೋಗಿಬಿಡಲೇ ಎಂದು ಮರಿಸಿದ್ದಯ್ಯ ನಿಜವಾಗಿಯೂ ಯೋಚಿಸಿದ. ಅಷ್ಟರಲ್ಲಿ ಸ್ಕೂಲು ಬಂತು.

ಶಾಮಿಯಾನದ ಕೆಳಗೆ ಬಿಸಿ ಬಟ್ಟೆಯ, ಚೆಂಡುಹೂವಿನ, ಹತ್ತಿರದಲ್ಲೇ ಬೇಯುತ್ತಿದ್ದ ಉಪ್ಸಾರಿನ ವಾಸನೆ ಕಲೆತಿತ್ತು. 'ಬನ್ನಿ ಸಿದ್ದಯ್ಯೋರೇ! ಬಸ್ಸು ಬೇಗ ಸಿಕ್ತಾ!' ಎಂದು ಅಪ್ಪಾಜಿಯವರು ಹೊಳೆಯ ಆಚೆ ದಡದವನನ್ನು ಕರೆದ ಹಾಗೆ ಬಲಗಿವಿಗೆ ಕೂಗಿದರು. ಒಳ್ಳೆಯ ಮನುಷ್ಯ, ಮುಂದಿನ ವರ್ಷ ನಿವೃತ್ತಿ. ಹತ್ತು ವರ್ಷದಿಂದ ದಿನಾ ಹೀಗೆ ಕೂಗಿ ಕೂಗಿ ಅವರ ಗಂಟಲೇ ಒರಟಾಗಿತ್ತು. ಎಡಗಡೆ ಮಾತ್ರ ಎಲ್ಲರೂ ಪಿಸುಮಾತಿನಲ್ಲಿ, ಧಾರಾಳವಾಗಿ ಮಾತಾಡುತ್ತಿದ್ದರು. ಹತ್ತು ವರ್ಷದಲ್ಲಿ ಸ್ಟಾಫ್ ರೂಮಿನ ಜಗಳ, ಗುಟ್ಟು, ತನ್ನ ಮೇಲಿನ ಕನಿಕರ, ಎಲ್ಲವನ್ನೂ ಆ ಕೇಳದ ಕಿವಿಯಲ್ಲಿ ಕೇಳಿದ್ದ, ಕೇಳಿಸಿಕೊಂಡೂ ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಳ್ಳಲು ಕಲಿತಿದ್ದ. ಈಗಲೂ ಎಡಗಡೆ ಒಬ್ಬಾಕೆ, 'ಪಾಪ, ಕಣ್ಣೂ ಇಲ್ಲ, ಕಿವೀನೂ ಅರ್ದ. ಆದ್ರೂ ಆ ಗ್ಯಾಪಕ ನೋಡು, ದೇವ್ರು ಕೊಟ್ಟಿರದು' ಎಂದಳು. ಹಿಂದೆಂದೂ ಅನಿಸದಷ್ಟು ಅಸಹ್ಯ ಅವನಿಗೆ ತನ್ನ ಮೇಲೆ ಹುಟ್ಟಿತು. ಗುಂಡನ್ನು ಕಿವಿಗೆ ಒತ್ತಿಕೊಂಡು, ಹ್ಯಾಂಡ್‌ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡ.

ಪ್ರಾರ್ಥನೆಯ ಕಟ್ಟೆಗೇ ಹಲಗೆ ಹಾಸಿ ವೇದಿಕೆ ಮಾಡಿದ್ದರು. ಮೊದಲು ಶಾಲು ಹೊದಿಸಿದರು. ಒಳ್ಳೆಯದಾಯಿತು ಅಂದುಕೊಂಡ, ಫೋನು ಹಿಡಿದ ಕೈಯನ್ನು ಎದೆಯ ಹತ್ತಿರ ಶಾಲಿನೊಳಗೇ ಮುಚ್ಚಿಟ್ಟುಕೊಳ್ಳಬಹುದು. ಆಮೇಲೆ ಹಾರ. ಆಮೇಲೆ ಹೇಮಂತ್ ಮೈಸೂರು ಪೇಟ ಎತ್ತಿ ತಲೆಗೆ ಇಟ್ಟ. ಪೇಟ ಅವನ ತಲೆಗೆ ಚಿಕ್ಕದು. ಹುಡುಗ ಅಭಿಮಾನದಿಂದ ಅದನ್ನು ಎರಡೂ ಕೈಯಲ್ಲಿ ಕಿವಿಯವರೆಗೆ ಜಗ್ಗಿ ಒತ್ತಿದ, ಗುಂಡು ಪುಳಕ್ಕನೆ ಕಿವಿಯಿಂದ ಜಾರಿತು. ಭುಜಕ್ಕೆ ತಾಗಿದ್ದು ಗೊತ್ತಾಯಿತು, ಹಲಗೆಗೆ ಬಿದ್ದು ಉರುಳಿದ್ದು ಕೇಳಿಸಿತು, ಆಮೇಲೆ ಎಲ್ಲಿ ಹೋಯಿತೋ. ಬಗ್ಗಿ ತಡಕಲೇ? ಪೇಟ ಹಾಕಿಕೊಂಡು, ಊರಿನ ಎದುರು, ನಾಲ್ಕು ಕಾಲಿನಲ್ಲಿ? 'ಈಗ ನಮ್ ಸಿದ್ದಯ್ಯ ಸಾರು, ಪುಸ್ತಕ ಇಲ್ದೆ, ಹತ್ತು ವರ್ಷದ ಹಿಂದಿನ ಹಾಜರಿ!' ಎಂದು ಮೈಕಿನಲ್ಲಿ ಹೇಳಿಯೇಬಿಟ್ಟರು. ಚಪ್ಪಾಳೆ. ಅಪ್ಪಾಜಿಯವರು ಅವನನ್ನು ಕೈಹಿಡಿದು ಮೈಕಿನ ಹತ್ತಿರ ನಡೆಸಲು ಮುಂದೆ ಬಂದರು, ಅವರ ಚಪ್ಪಲಿಯ ಕೆಳಗೆ 'ಕರಕ್' ಎಂದಿತು. ಹೀಗೆ ಗುಂಡಿನ ಕತೆ ಮುಗಿಯಿತು. ಮತ್ತು ಕಿವಿ ಕಳೆದುಕೊಂಡ ಫೋನು, ಯಜಮಾನನ ಬೆರಳು ಮೇಲಿದೆ ಎಂದು ತಿಳಿದು, ತನ್ನ ಸ್ವಂತ ಬಾಯನ್ನೇ ತೆರೆಯಿತು. ಶಾಲಿನೊಳಗಿಂದ, ಎದೆಯ ಹತ್ತಿರದ ಮೈಕಿನ ಮೂಲಕ, ನಾಲ್ಕು ಪೆಟ್ಟಿಗೆಯ ಸ್ಪೀಕರುಗಳಲ್ಲಿ, ಕಾದೆಣ್ಣೆಗೆ ಬಿದ್ದ ಸಾಸಿವೆ ಸ್ಕೂಲಿನ ಬಯಲಿಗೆಲ್ಲ ಸಿಡಿಯಿತು.

'ಏನ್ರೀ ಸಿದ್ದಯ್ಯೋರೇ ಅದು! ಕಿವಿ ಮಿಷನ್ ಕೆಟ್ಟೋಯ್ತಾ!' ಎಂದು ಅಪ್ಪಾಜಿಯವರು ಬಲಗಿವಿಗೆ ಕೂಗಿದರು. ದಾರಿ ತೋರಿಸಿಕೊಟ್ಟಿದ್ದರು, ಪುಣ್ಯಾತ್ಮರು. ಹೂಂ ಸಾರ್, ಕೆಟ್ಟೋಯ್ತು ಎಂದರೆ ಮುಗಿಯಿತು. ಕುರುಡನ ಮೇಲೆ, ಅರ್ಧ ಕಿವುಡನ ಮೇಲೆ ಕರುಣೆ ತೋರಿಸಿ ಕೂರಿಸುತ್ತಾರೆ, ಹಾಜರಿ ಇನ್ನೊಂದು ವರ್ಷಕ್ಕೆ. ಆ ಮಾತು ನಾಲಿಗೆಯ ತುದಿಗೆ ಬಂತು, ಬಂದು ಅಲ್ಲೇ ಕೂತಿತು. ಎದುರಿನ ಸಾಲುಗಳಲ್ಲಿ ಎಲ್ಲೋ ಇಪ್ಪತ್ತನಾಲ್ಕನೆಯ ನಂಬರು ಕೂತಿದೆ. ಇದೇ ಕಟ್ಟೆ. ಹತ್ತು ವರ್ಷದ ಹಿಂದಿನ ಬಿಕ್ಕು ಈ ಗಾಳಿಯಲ್ಲಿ ಇನ್ನೂ ಇದೆ ಅನ್ನಿಸಿತು. ತಲೆಯ ಮೇಲಿನ ಪೇಟ ಬಿಗಿಯುತ್ತಿತ್ತು. ಅದನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

'ಸಾರ್, ಮೆಲ್ಲಗೆ ಮಾತಾಡಿ,' ಎಂದ ಮೈಕಿನಲ್ಲಿ. 'ನನ್ನ ಕಿವಿ ಚೆನ್ನಾಗಿದೆ. ಎರಡೂ. ಯಾವತ್ತೂ ಚೆನ್ನಾಗೇ ಇತ್ತು.'

ಶಾಲು ಸರಿಸಿ, ಫೋನನ್ನು ಹೊರತೆಗೆದು, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ. 'ನನಗೆ ಯಾವ ಜ್ಞಾಪಕಶಕ್ತಿಯೂ ಇಲ್ಲ. ನಿಮ್ಮ ಹೆಸರನ್ನೆಲ್ಲ ಇದು ಓದುತ್ತೆ, ನಾನು ಕೂಗ್ತೀನಿ. ಹನ್ನೆರಡು ವರ್ಷ ಕಿವೀಲಿ ವೈರಿಟ್ಟುಕೊಂಡು ನಿಮ್ಮನ್ನೆಲ್ಲ ನಂಬಿಸಿದೆ.' ಮುಗಿಯಿತು. ಇನ್ನು ಬೈಯುತ್ತಾರೆ, ಎದ್ದು ಹೋಗುತ್ತಾರೆ ಎಂದು ಕಾದ. ಮೊದಲು ಬಂದದ್ದು ಅಪ್ಪಾಜಿಯವರ ದನಿ, ಕೂಗಿ ಅಭ್ಯಾಸವಾಗಿ ಇಳಿಸಲು ಬಾರದ ದನಿ. 'ಅಯ್ಯೋ ನಿಮ್ಮ! ಅತ್ತೊರ್ಸದಿಂದ ನನ್ ಗಂಟ್ಲು ಅರ್ದೋಯ್ತಲ್ರೀ!' ಬಯಲು ಗೊಳ್ಳೆಂದಿತು. ಆ ನಗುವಿನ ನಡುವೆ ಹೇಮಂತ್ ಮಾತ್ರ ಬೇರೆಯದೇ ಏನನ್ನೋ ಯೋಚಿಸುತ್ತಿದ್ದ. 'ಇರಿ ಇರಿ. ಸಾರ್, ಆಗ್ಲೇ ಅದು ಚಟಪಟ ಅಂತಲ್ಲ, ಅದು ಮಾತಾ? ಅದು ನಿಮ್ಗೆ ತಿಳೀತದಾ?'

'ತಿಳೀದೆ ಏನು? ಎರಡು, ಚಲುವರಾಜು, ತಂದೆ ಹೆಸರು ಮರಿಮಾದಯ್ಯ, ಊರು ಬ್ಯಾಡರಹಳ್ಳಿ, ಪ್ರಾರ್ಥನೆಗೆ ಲೇಟು ಅಂತ ಓದ್ತು.'

'ಅಷ್ಟುನ್ನೂವಾ!' ಎಂದಿತು ಹಿಂದಿನ ಸಾಲು. ಚಲುವರಾಜು ಎಂಬವನು ಅಲ್ಲಿಂದಲೇ 'ಲೇಟು ದಿಟ ಸಾರ್!' ಎಂದ. ಹೆಂಗಸಿನ ದನಿಯೊಂದು ಎದ್ದಿತು, 'ಸಾರ್, ನಾನು ಕುಸುಮ. ಗ್ರೂಪ್‌ಗೊಂದು ಮೆಸೇಜ್ ಆಕ್ತೀನಿ, ಓದಿ ನೋಡವ.' ಎಲ್ಲರೂ ಕಾದರು. ಫೋನು ನಡುಗಿತು, ಅವನು ಅದನ್ನು ಮೈಕಿಗೆ ಹಿಡಿದು ಬೆರಳು ಎಳೆದ, ಸಾಸಿವೆ ಮತ್ತೊಮ್ಮೆ ಸಿಡಿಯಿತು, ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು. 'ಮುದ್ದೆ ಆಗ್ಲೇ ಕಟ್ಟಿಟ್ಟವ್ರೆ, ಉಪ್ಸಾರು ತಣ್ಣಗಾಯ್ತದೆ, ಪಾಯ್ಸ ಕಮ್ಮಿ ಇದೆ, ಹೇಮಂತಂಗೆ ಬಡಿಸಬೇಡಿ, ಸಾರ್ ಬೇಗ ಮುಗಿಸಿ ಅಂತ ಬರ್ದಿದ್ದೀಯ,' ಎಂದ. 'ಅದೇ ಸಾರ್, ಅಷ್ಟೂ ಅದೇ!' ಎಂದಳು ಕುಸುಮ. ಆಮೇಲೆ ಶಾಮಿಯಾನ ಹಾರಿಹೋಗುವ ಹಾಗೆ ಚಪ್ಪಾಳೆ ಬಿತ್ತು, ಶಿಳ್ಳೆ ಬಿತ್ತು. ಇಷ್ಟು ದಿನ ಬೀಳುತ್ತಿದ್ದ ಚಪ್ಪಾಳೆ ಅವನ ಮೈಗೆ ತಾಗುತ್ತಿರಲಿಲ್ಲ, ಪಕ್ಕದಲ್ಲಿ ನಿಂತ ಬೇರೆ ಯಾರಿಗೋ ಬೀಳುತ್ತಿತ್ತು. ಇದು ತಾಗಿತು. ಅಯ್ಯೋ ದೇವರೇ, ಅಡಗಿಸಿಟ್ಟದ್ದೇ ಚಪ್ಪಾಳೆಗೆ ಯೋಗ್ಯವಾದದ್ದಾಗಿತ್ತು. ಕದ್ದ ಮಾಲು ಅಂದುಕೊಂಡಿದ್ದದ್ದು ನನ್ನದೇ ಆಗಿತ್ತು! ನಗು ಬಂತು, ಅಳುವೂ ಬಂತು, ಎರಡನ್ನೂ ತಡೆಯದೆ 'ಸದ್ದು! ಹಾಜರಿ ತಗೋತೀನಿ,' ಎಂದು ಗದರಿದ. ಮೂವತ್ತೆಂಟು ಜನ ತಟ್ಟನೆ ಹತ್ತನೇ ಕ್ಲಾಸಿನವರಾಗಿ ಕೂತರು.

ಈಗ ಅರೆ ಉಸಿರಿನ ಸಂದು ಇರಲಿಲ್ಲ. ಬೆರಳು, ಫೋನಿನ ಚಟಪಟ, ಅವನ ಬಾಯಿ, 'ಎಸ್ ಸಾರ್', ಒಂದರ ಹಿಂದೆ ಒಂದು, ಎಲ್ಲರೆದುರು, ಎಲ್ಲರಿಗೂ ಕೇಳುವ ಹಾಗೆ. ಬಾರದ ಮೂವರ ಹೆಸರಿಗೆ ಪಕ್ಕದವರು ಕಾರಣ ಹೇಳಿದರು. 'ಇಪ್ಪತ್ತೊಂದು, ಸ್ವಾಮಿ.' 'ಎಸ್ ಸಾರ್.' 'ಇಪ್ಪತ್ತೆರಡು, ಹೇಮಂತ್.' 'ಎಸ್ ಸಾರ್, ಪಾಯ್ಸ ಬುಡಲ್ಲ ಸಾರ್.' 'ಇಪ್ಪತ್ತಮೂರು, ಕುಸುಮ.' 'ಎಸ್ ಸಾರ್.' ಅವನು ಬೆರಳನ್ನು ಪರದೆಯಿಂದ ಎತ್ತಿದ. ಫೋನು ಸುಮ್ಮನಾಯಿತು. ಈ ಒಂದು ಹೆಸರಿಗೆ ಫೋನು ಬೇಕಾಗಿರಲಿಲ್ಲ. ಹತ್ತು ವರ್ಷದಿಂದ ಅದು ಕೇಳದೆಯೇ ಬರುತ್ತಿತ್ತು, ಊಟದ ಹೊತ್ತಿಗೂ, ಬಸ್ಸಿನಲ್ಲೂ, ಸುಮ್ಮನೆ ಕೂತಾಗಲೂ.

'ಇಪ್ಪತ್ತನಾಲ್ಕು. ದೀಪಿಕ.'

'ಎಸ್ ಸಾರ್' ಬರಲಿಲ್ಲ. ಬಂದಿದ್ದಾಳೆ ಎಂದು ಎಲ್ಲರಿಗೂ ಗೊತ್ತು, ಯಾಕೆ ಮಾತಾಡುತ್ತಿಲ್ಲ ಎಂದು ಆ ತರಗತಿಯ ಪ್ರತಿಯೊಬ್ಬರಿಗೂ ಗೊತ್ತು. ಅಪ್ಪಾಜಿಯವರು ಪಕ್ಕದಲ್ಲಿ ಗಂಟಲು ಸರಿಮಾಡಿಕೊಂಡರು. ಮರಿಸಿದ್ದಯ್ಯ ಶಾಲನ್ನೂ ಹೆಗಲಿಂದ ಇಳಿಸಿದ. 'ನೀನು ಕಂಡದ್ದನ್ನ ಕಂಡ ಹಾಗೆ ಹೇಳಿದ್ದೆ. ನಾನು ಸುಳ್ಳು ಹೇಳಿ ನಿನ್ನನ್ನ ಇದೇ ಕಟ್ಟೆ ಮೇಲೆ ನಿಲ್ಲಿಸಿದೆ. ಅವತ್ತು ನೀನು ಅತ್ತಿದ್ದು ನನಗೆ ಕೇಳಿಸ್ತು. ಎರಡೂ ಕಿವಿಗೂ ಕೇಳಿಸ್ತು, ಸುಮ್ಮನಿದ್ದೆ. ತಪ್ಪಾಯ್ತು ಕಣವ್ವ. ಇನ್ನೊಂದ್ಸಲ ಮಾಡಲ್ಲ.'

ಶಾಮಿಯಾನದ ಬಟ್ಟೆ ಗಾಳಿಗೆ ಪಟಪಟ ಎಂದಿತು. ಒಂದು ಕುರ್ಚಿ ಹಿಂದಕ್ಕೆ ಸರಿಯಿತು. ಹೆಜ್ಜೆಗಳು ಮಣ್ಣಿನ ಮೇಲೆ ಬಂದವು, ಮೆಟ್ಟಿಲು ಹತ್ತಿದವು, ಹಲಗೆಯ ಮೇಲೆ ನಡೆದವು. ಬಲಗಡೆ ಬರಲಿಲ್ಲ. ಹಿಂದಿನಿಂದ ಸುತ್ತಿ ಬಂದು, ಹತ್ತು ವರ್ಷದಿಂದ ಯಾರೂ ಬಂದು ಮಾತಾಡಿಸದ ಎಡಗಡೆಯಲ್ಲಿ, ಕಿವಿಯ ಹತ್ತಿರ ನಿಂತವು. ತಲೆಗೆ ಮುಡಿದ ಮಲ್ಲಿಗೆಯ ವಾಸನೆ, ಓಡಿ ಬಂದವಳಂಥ ಉಸಿರು.

'ಎಸ್ ಸಾರ್,' ಎಂದಳು, ಮೆಲ್ಲಗೆ, ಅವನಿಗೆ ಮಾತ್ರ ಕೇಳುವಷ್ಟು. ಆಮೇಲೆ ಮೈಕಿನ ಕಡೆ ಬಗ್ಗಿ, ಇಡೀ ಬಯಲಿಗೆ ಕೇಳುವ ಹಾಗೆ, ಹದಿನೈದು ವರ್ಷದ ಹುಡುಗಿಯ ಅದೇ ಖುಷಿಯ ದನಿಯಲ್ಲಿ ಕೇಳಿದಳು:

'ವೈರೆಲ್ಲೋಯ್ತು ಸಾರ್?'

'ಈಗಿನ ಫೋನಿಗೆ ತೂತೇ ಇಲ್ಲ ಕಣವ್ವ!'

ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ, ಅದರಲ್ಲಿ ಅವಳದೂ ಇತ್ತು, ಅವನದೂ ಇತ್ತು, ಅಪ್ಪಾಜಿಯವರದು ಎಲ್ಲಕ್ಕಿಂತ ಜೋರಾಗಿತ್ತು. ಅವಳು ಅವನ ಕೈಯಿಂದ ಫೋನನ್ನು ತೆಗೆದುಕೊಂಡು ಮೈಕಿನ ಹತ್ತಿರ ಹಿಡಿದಳು. 'ನಾನ್ ಇಡ್ಕೊತೀನಿ, ನೀವು ಕೂಗಿ ಸಾರ್,' ಎಂದಳು. ಅವನು ಬೆರಳು ಎಳೆದ.

'ಇಪ್ಪತ್ತೈದು, ನಯನ.'

'ಎಸ್ ಸಾರ್!'